ಲೆಕ್ಕಕ್ಕೆ ಬಂದ ಕಳ್ಳಿ

ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯನಿಗೆ ಗಾಡಿ ನಿಲ್ಲಿಸುವ ಕೆಲಸ ಕೊಟ್ಟರೆ ಹೇಗಿರುತ್ತದೆ ಹೇಳಿ? ಹಾರ್ನ್ ತಾತನಿಗೆ ಆಗಿದ್ದು ಅದೇ. ತಪ್ಪು ಬೇರೆ ಯಾರದ್ದೂ ಅಲ್ಲ, ಅವರ ನಿದ್ದೆಯದ್ದು. ಮಕ್ಕಳು ಮನೆಯೊಳಗೇ ಫೋನು ಹಿಡಿದು ಕೂತಿರುತ್ತವೆ, ಶನಿವಾರ ಸಂಜೆಯಾದರೂ ನಮ್ಮ ಬೀದಿಗೆ ಗಾಡಿ ಬಿಡೋದು ಬೇಡ, ಅವು ಆಡಿಕೊಳ್ಳಲಿ ಎಂದು ಮೂಲೆಮನೆಯ ನರ್ಸಮ್ಮ ಎಲ್ಲರನ್ನೂ ಸೇರಿಸಿ ಹೇಳಿದಾಗ ಎಲ್ಲರೂ ಭೇಷ್ ಅಂದರು. "ಸರಿ, ಬೀದಿ ಬಾಯಲ್ಲಿ ಹಗ್ಗ ಕಟ್ಟಿ ಕಾಯೋರು ಯಾರು?" ಅಂದಾಗ ಮಾತ್ರ ಎಲ್ಲರಿಗೂ ತಂತಮ್ಮ ಚಪ್ಪಲಿ ನೋಡಿಕೊಳ್ಳುವ ಕೆಲಸ ಬಿತ್ತು. ಹಿಂದಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ತಾತನನ್ನು ಯಾರೋ ಮೊಣಕೈಯಿಂದ ತಿವಿದರು. ತಾತ ಕಣ್ಣು ಬಿಟ್ಟು "ಹ್ಞೂಂ" ಅಂದರು. ಮುಗೀತಲ್ಲ! ಚಪ್ಪಾಳೆಯೋ ಚಪ್ಪಾಳೆ.

"ರಸ್ತೆಗೆ ಅಡ್ಡ ಬಂದವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದಿದ್ದು ಸುಮ್ನೆ ಹೋಗತ್ತಾ? ಈಗ ನೀವೇ ಅಡ್ಡ ನಿಂತ್ಕೊಳ್ಳಿ," ಎಂದು ಮನೆಯಲ್ಲಿ ತಾತನ ಹೆಂಡತಿ, ನಮ್ಮೆಲ್ಲರ ಅಜ್ಜಿ, ಒಂದು ಹಳೇ ಕೆಂಪು ಟವೆಲ್ಲನ್ನು ಕೈಗಿತ್ತು ಕಳಿಸಿದರು.

ಹಾರ್ನ್ ತಾತನಿಗೆ ಆ ಹೆಸರು ಬಂದದ್ದು ಬಸ್ಸಿನಿಂದಲ್ಲ, ಗಂಟಲಿನಿಂದ. ಅವರೊಮ್ಮೆ ಕೆಮ್ಮಿದರೆ ಬೀದಿಯ ಆ ತುದಿಯಲ್ಲಿ ಮಲಗಿದ ಬೆಕ್ಕು ಎದ್ದು ಪಕ್ಕಕ್ಕೆ ಸರಿಯುತ್ತಿತ್ತು. ಮಂಡಿನೋವಿಗೆ ಕಾಲು ಅಗಲಿಸಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು ಹಗ್ಗದ ಹಿಂದೆ ನಿಂತರೆಂದರೆ ಸ್ಕೂಟರಿನವರು ಮಾತೇ ಆಡದೆ ವಾಪಸು ತಿರುಗುತ್ತಿದ್ದರು. ಬರುಬರುತ್ತಾ ತಾತನಿಗೆ ಆ ಕೆಲಸದ ರುಚಿ ಹತ್ತಿಬಿಟ್ಟಿತು. ಬಾಯಲ್ಲಿ ಮಾತ್ರ "ಏನು ಕರ್ಮವೋ" ಅನ್ನುತ್ತಿದ್ದರು.

ರುಚಿ ಹತ್ತಲು ಇನ್ನೊಂದು ಕಾರಣ ಚೋಟಮ್ಮ. ತಾತನ ಮಗಳ ಮಗಳು. ಐದು ವರ್ಷ, ಚೋಟುದ್ದ. ಮಗಳು ಕೆಲಸ ಬದಲಿಸಿ ತಾತನ ಮನೆಯ ಮಹಡಿಗೆ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಚೋಟಮ್ಮನಿಗೆ ಬೀದಿ ಹೊಸದು, ಮಕ್ಕಳು ಹೊಸಬರು. ಆದರೂ ಹಗ್ಗ ಕಟ್ಟಿದ್ದೇ ತಡ, ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದೇ ಓಡಿಬರುತ್ತಿದ್ದಳು.

ಅಲ್ಲಿ ನಡೆಯುತ್ತಿದ್ದುದು ಮುಟ್ಟಾಟ. ಕಳ್ಳನಾದವರು ಓಡಿಹೋಗಿ ಯಾರನ್ನಾದರೂ ಮುಟ್ಟಬೇಕು, ಮುಟ್ಟಿಸಿಕೊಂಡವರು ಮುಂದಿನ ಕಳ್ಳ. ಇಷ್ಟೇ ಆಟ, ಆದರೆ ಗಲಾಟೆ ಮಾತ್ರ ಬೆಟ್ಟದಷ್ಟು. ಒಂದು ಶನಿವಾರ ತಾತ ಅತ್ತ ತಿರುಗಿ ನೋಡುತ್ತಾರೆ, ಚೋಟಮ್ಮ ಕಳ್ಳನ ದಾರಿಗೇ ಹೋಗಿ ಎರಡೂ ಕೈ ಚಾಚಿ ನಿಂತಿದ್ದಾಳೆ. ಕಳ್ಳನಾಗಿದ್ದ ಹುಡುಗ ಕಂಬ ಬಳಸಿ ಹೋಗುವಂತೆ ಅವಳನ್ನು ಬಳಸಿ ಹೋದ. ಅವಳು ಇನ್ನೊಂದು ಕಡೆ ಹೋಗಿ ನಿಂತಳು. ಅಲ್ಲೂ ಅದೇ ಕಥೆ.

ಕೊನೆಗೆ ಹಗ್ಗದ ಹತ್ತಿರ ಬಂದು ಕೇಳಿದಳು, "ತಾತ, ಲೆಕ್ಕ ಅಂದ್ರೇನು?"

"ಒಂದು, ಎರಡು, ಮೂರು ಅಂತೀವಲ್ಲ, ಅದೇ ಪುಟ್ಟಾ. ಯಾಕೆ?"

"ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತೆ."

ತಾತ ಅವಳ ತಲೆ ಸವರಿ, "ಸ್ವಲ್ಪ ದೊಡ್ಡೋಳಾಗು, ಲೆಕ್ಕಕ್ಕೆ ಬರ್ತೀಯ," ಅಂದರು.

"ನಾಳೆ ಆಗ್ತೀನಾ?"

ತಾತ ಮಕ್ಕಳ ಮುಂದಾಳನ್ನು ಕೂಗಿ ಕರೆದರು. ಹತ್ತು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಿಟಕಿ. ಬೇಜಾರೇನಿಲ್ಲ ಅವಳಿಗೆ. ಹಲ್ಲಿಲ್ಲದಿದ್ದರೂ ನಾಲಿಗೆ ಸರಿಯಾಗಿಯೇ ಇತ್ತು.

"ಏನಮ್ಮಾ ಕಿಟಕಿ, ಇವಳನ್ನ ಯಾಕೆ ಕಳ್ಳಿ ಮಾಡಲ್ಲ?"

"ಅಯ್ಯೋ ತಾತ, ಅವಳು ಕಳ್ಳಿಯಾದ್ರೆ ಯಾರನ್ನ ಹಿಡೀತಾಳೆ? ಕತ್ತಲಾಗೋವರೆಗೂ ಅವಳೇ ಕಳ್ಳಿ. ಆಟ ಅಲ್ಲೇ ನಿಂತ್ಹೋಗತ್ತೆ."

"ಹಾಗಾದ್ರೆ ನಾನು ಹಗ್ಗ ಬಿಚ್ಚಿಬಿಡ್ತೀನಿ, ನೋಡು ಮತ್ತೆ!"

"ಬಿಚ್ಚಿ. ಚೋಟಮ್ಮನೂ ಮನೆಗೆ ಹೋಗ್ಬೇಕಾಗತ್ತೆ, ಅಷ್ಟೆ."

ಲಾರಿ ಡ್ರೈವರುಗಳಿಗೂ ಜಗ್ಗದ ಹಾರ್ನ್ ತಾತ ಆ ಎರಡು ಹಲ್ಲಿಲ್ಲದ ಬಾಯಿಯ ಮುಂದೆ ತೆಪ್ಪಗಾದರು. ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು ಎಲ್ಲರಿಗೂ ಹಂಚಿ ನೋಡಿದರು. ಮಕ್ಕಳು ಪೆಪ್ಪರ್‌ಮಿಂಟು ತೆಗೆದುಕೊಂಡವು, ಥ್ಯಾಂಕ್ಸ್ ಹೇಳಿದವು, ಚೋಟಮ್ಮನನ್ನು ಬಳಸಿಕೊಂಡು ಓಡಿದವು.

ಅವತ್ತು ಮನೆಯಲ್ಲಿ ತಾತನಿಗೆ ಊಟ ಸೇರಲಿಲ್ಲ. "ನಮ್ಮ ಮಗು ಲೆಕ್ಕಕ್ಕಿಲ್ಲವಂತೆ ಕಣೇ! ಬಿಸಿಲಲ್ಲಿ ನಿಂತು ಅವಕ್ಕೆ ಬೀದಿ ಕಾಯೋನು ನಾನು, ಲೆಕ್ಕಕ್ಕಿಲ್ಲದೋಳು ನನ್ನ ಮೊಮ್ಮಗಳು!"

"ಇಷ್ಟು ವರ್ಷ ಈ ಮನೇಲಿ ನೀವೂ ಹಾಗೇ ಇದ್ದೀರಲ್ಲ, ಏನು ಕೊರತೆಯಾಯ್ತು?" ಅಂದರು ಅಜ್ಜಿ.

ಅಷ್ಟರಲ್ಲಿ ಚೋಟಮ್ಮ ಬಂದು ಅಜ್ಜಿಯ ಕೈಯನ್ನೆತ್ತಿ ತನ್ನ ತಲೆಗೆ ಮುಟ್ಟಿಸಿಕೊಂಡಳು. "ಅಜ್ಜಿ ಮುಟ್ಟಿದ್ಲು. ನಾನೀಗ ಕಳ್ಳಿ ಅಲ್ವಾ?" ಎಂದು ಕೇಳಿ, ಯಾರೂ ಓಡದಿದ್ದನ್ನು ನೋಡಿ, ಸುಮ್ಮನೆ ಮೆಟ್ಟಿಲು ಹತ್ತಿ ಮಹಡಿಗೆ ಹೋದಳು. ಅಜ್ಜಿಯ ನಗು ಅಲ್ಲೇ ನಿಂತಿತು.

ತಾತನ ತಟ್ಟೆ ಎತ್ತುತ್ತಾ ಅಜ್ಜಿ ಅಂದರು, "ಇವಳಿಗಿಂತ ನಿಧಾನ ಓಡೋರು ಒಬ್ರು ಆಟದಲ್ಲಿದ್ರೆ ಸಾಕು ತಾನೇ? ಆಗ ಆಟ ನಿಲ್ಲಲ್ಲ."

"ಅಂಥೋರು ಎಲ್ಲಿ ಸಿಗ್ತಾರೆ?"

ಅಜ್ಜಿ ತಾತನ ಮಂಡಿಯನ್ನು ನೋಡಿದರು.

ಮುಂದಿನ ಶನಿವಾರ ಹಗ್ಗದ ಹಿಂದೆ ಟವೆಲ್ ಹಿಡಿದು ನಿಂತವರು ಅಜ್ಜಿ. ಒಬ್ಬ ಸ್ಕೂಟರಿನವನು "ಅರ್ಜೆಂಟು ಅಮ್ಮಾ" ಅಂದ. "ಅರ್ಜೆಂಟಾದ್ರೆ ಇಳಿದು ತಳ್ಳಿಕೊಂಡು ಹೋಗಪ್ಪಾ," ಅಂದರು ಅಜ್ಜಿ. ತಾತ ಪ್ಯಾಂಟು ಮಡಿಸಿಕೊಂಡು ಬೀದಿಯ ನಡುವೆ ನಿಂತಿದ್ದರು. ಮಕ್ಕಳು ತಲೆಗೆ ತಲೆ ಕೂಡಿಸಿ ಗುಸುಗುಸು ಮಾತಾಡಿದವು. ಆಮೇಲೆ ಕಿಟಕಿ ತೀರ್ಪು ಕೊಟ್ಟಳು, "ಆಯ್ತು. ತಾತನೂ ಲೆಕ್ಕಕ್ಕುಂಟು, ಚೋಟಮ್ಮನೂ ಲೆಕ್ಕಕ್ಕುಂಟು. ಆದ್ರೆ ಆಟ ನಿಂತ್ರೆ ಮಾತ್ರ ಚೋಟಮ್ಮ ಇನ್ಮೇಲೆ ಯಾವತ್ತೂ ಲೆಕ್ಕಕ್ಕಿಲ್ಲ."

ತಾತನ ಲೆಕ್ಕಾಚಾರ ಸುಲಭದ್ದು. ಮೊಮ್ಮಗಳು ಕಳ್ಳಿಯಾಗುತ್ತಾಳೆ, ತಾನು ಕುಂಟುತ್ತಾ ಎದುರಿಗೆ ಹೋಗುವುದು, ಅವಳು ಮುಟ್ಟುವುದು. ಆದರೆ ನಾವು ಅಂದುಕೊಂಡಂತೆ ಎಲ್ಲಿ ಆಗುತ್ತದೆ? ಆಟ ಶುರುವಾಗಿ ಒಂದು ಸುತ್ತು ಓಡುವ ಮೊದಲೇ ಯಾವನೋ ಪೋರ ತಾತನ ಬೆನ್ನಿಗೆ ಗುದ್ದಿ ಓಡಿದ. ತಾತನೇ ಕಳ್ಳ!

ಆಹಾ, ಆ ಓಟ ನೋಡಬೇಕಿತ್ತು. ತಾತ ಬಲಕ್ಕೆ ಹೋದರೆ ಮಕ್ಕಳು ಎಡಕ್ಕೆ, ತಾತ ಎಡಕ್ಕೆ ತಿರುಗುವಷ್ಟರಲ್ಲಿ ಮಕ್ಕಳು ಬೆನ್ನ ಹಿಂದೆ. ಕೈಗೆ ಗಾಳಿ ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಈ ಬೀದಿ ಇಳಿಜಾರಿದೆ!" ಎಂದು ಏದುಸಿರು ಬಿಟ್ಟರು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!" ಹಗ್ಗದ ಹಿಂದಿನಿಂದ ಅಜ್ಜಿಯ ದನಿ.

ಮಕ್ಕಳಿಗೆ ನಗು ತಡೆಯಲಾಗಲಿಲ್ಲ, ಆದರೆ ಆಟ ನಿಂತೇಹೋಗಿತ್ತು. ಒಬ್ಬಿಬ್ಬರು ಮೆಟ್ಟಿಲ ಮೇಲೆ ಕೂತೂಬಿಟ್ಟರು. ಆಗ ಚೋಟಮ್ಮ ತಾತನ ಎದುರಿಗೆ ಬಂದು, ಹೋದ ವಾರದಂತೆಯೇ ಎರಡೂ ಕೈ ಚಾಚಿ ನಿಂತಳು. ತಾತ ಬಗ್ಗಿ ಆ ಪುಟ್ಟ ಕೈಗಳನ್ನು ಮುಟ್ಟಿದರು.

"ನಾನು ಕಳ್ಳಿ! ಅಜ್ಜೀ, ನಾನು ಕಳ್ಳಿ! ನಿಜವಾದ ಕಳ್ಳಿ!"

"ನಮ್ಮ ವಂಶದಲ್ಲೇ ಇಂಥ ಹೆಸರು ಯಾರೂ ತಂದಿರಲಿಲ್ಲ," ಎಂದು ಅಜ್ಜಿ ಟವೆಲ್ಲಿನಲ್ಲೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕಿಟಕಿ ಕೈಯೆತ್ತಿದಳು. "ತಾತನಿಂದ ಆಟ ನಿಂತ್ಹೋಯ್ತು. ಅದಕ್ಕೇ ಇನ್ಮೇಲೆ ತಾತ ಆಟಕ್ಕುಂಟು, ಲೆಕ್ಕಕ್ಕಿಲ್ಲ!"

ತಾತ ಹಣೆ ಚಚ್ಚಿಕೊಂಡರು. ಹೋಯ್ತು, ಎಲ್ಲ ಹೋಯ್ತು. ಈಗ ಚೋಟಮ್ಮ ತಾತನನ್ನು ನೂರು ಸಲ ಮುಟ್ಟಿದರೂ ಪ್ರಯೋಜನವಿಲ್ಲ, ಬೇರೆಯವರು ಅವಳ ಕೈಗೆ ಸಿಗುವುದಿಲ್ಲ. ಮಗು ಬೀದಿಯ ಆ ತುದಿಗೆ ಓಡಿತು, ಈ ತುದಿಗೆ ಓಡಿತು. ಮುಖ ಕೆಂಪಾಯಿತು. ಕಿಟಕಿಗೆ ತಮಾಷೆ. ಬಂದು ತಾತನ ಬೆನ್ನ ಹಿಂದೆ ಅಡಗಿ, ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ಇಣುಕಿ ಅಣಕಿಸಿದಳು.

ಚೋಟಮ್ಮ ನೇರ ತಾತನ ಕಡೆಗೇ ಬಂದಳು. ಪಾಪ, ಮಗುವಿಗೆ ಅರ್ಥವಾಗಿಲ್ಲ ಎಂದುಕೊಂಡು ತಾತ ಎರಡೂ ತೋಳು ಚಾಚಿದರು. "ಬಾ ಪುಟ್ಟಾ, ಬಾ, ಹಿಡ್ಕೋ."

"ನೀನು ಲೆಕ್ಕಕ್ಕಿಲ್ಲ ತಾತ!" ಎಂದು ಕಿರುಚಿದವಳೇ ತಲೆ ತಗ್ಗಿಸಿ, ಅಗಲಿಸಿದ್ದ ತಾತನ ಕಾಲುಗಳ ನಡುವೆ ನುಸುಳಿ, ಆ ಬದಿಯಲ್ಲಿ ಕಿಟಕಿಯ ಲಂಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

ಕಿಟಕಿ ತನ್ನ ಲಂಗ ನೋಡಿಕೊಂಡಳು, ಚೋಟಮ್ಮನನ್ನು ನೋಡಿದಳು, ಆಮೇಲೆ ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದು ನಕ್ಕಳು. "ಔಟ್ ಕಣ್ರೋ, ನಾನು ಕಳ್ಳಿ! ಎಲ್ಲ ಓಡಿ! ಚೋಟಮ್ಮಾ, ನೀನೂ ಓಡೇ! ನಿನ್ನನ್ನೇ ಮೊದಲು ಹಿಡಿಯೋದು!"

ತಾತ ಕುಂಟುತ್ತಾ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತರು. ಸಂತೋಷಕ್ಕೆ ಆ ಹಾರ್ನು ಅವತ್ತು ಕೆಲಸ ಮಾಡಲಿಲ್ಲ. ಒಳಗೊಳಗೇ ಒಂದು ಚೂರು ಮುನಿಸೂ ಇತ್ತೆನ್ನಿ. ಅದು ಹೇಗೆ ತಿಳಿಯಿತೋ, ಓಡುತ್ತಿದ್ದ ಚೋಟಮ್ಮ ಅವರ ಮುಂದೆ ಗಕ್ಕನೆ ನಿಂತು, ಅವರ ಮಂಡಿ ಸವರಿದಳು.

"ಬೇಜಾರ್ ಮಾಡ್ಕೋಬೇಡ ತಾತ. ಸ್ವಲ್ಪ ದೊಡ್ಡೋನಾಗು, ಲೆಕ್ಕಕ್ಕೆ ಬರ್ತೀಯ."

ತಾತ "ಹ್ಞೂಂ" ಅಂದರು.