ಐದನೇ ಸಾಲಿನ ಅಂಕಿಗಳು

ಕಣ್ಣು ಪರೀಕ್ಷಿಸುವ ಹುಡುಗಿಯ ಕೋಣೆಯಲ್ಲಿ ಅಂಕಿಗಳ ಬೋರ್ಡು ಎರಡಿದ್ದವು. ಕನ್ನಡಕದ ಗಾಜು ಹೊಂದಿಸುವಾಗ ಒಂದು, ಲೆಕ್ಕಕ್ಕೆ ಬರೆದುಕೊಳ್ಳುವ ಪರೀಕ್ಷೆಗೆ ಇನ್ನೊಂದು. ಒಂದರಲ್ಲೇ ಎರಡೂ ಕೆಲಸ ಮುಗಿಸಿದರೆ ಅಂಕಿಗಳು ರೋಗಿಗೆ ಬಾಯಿಪಾಠವಾಗಿಬಿಡುತ್ತವೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಬೋರ್ಡು ಬದಲಿಸಲು ಹಿಂದಿನ ನಾಲ್ಕು ತಿರುಪು ಬಿಚ್ಚಬೇಕು. ಹೊರಗೆ ಬೆಂಚು ತುಂಬಿರುವಾಗ ಯಾರಿಗೆ ಬೇಕು ಆ ರಗಳೆ? ಶುರುವಿನಲ್ಲೇ ಒಂದು ದಿನ ಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು.

ನಾಲ್ಕು ತಿಂಗಳ ಹಿಂದೆ ದರ್ಜಿ ಅಜ್ಜನ ಬಲಗಣ್ಣಿನ ಹಿಂಭಾಗಕ್ಕೆ, ಸ್ಟೆಮ್ ಸೆಲ್‌ನಿಂದ ಬೆಳೆಸಿದ ಕೋಶಗಳನ್ನು ಸೇರಿಸಿದ್ದರು. ವಯಸ್ಸಾಗಿ, ನೋಟದ ನಟ್ಟನಡುವೆ ಮಸಿ ಬಳಿದಂತಾಗಿದ್ದ ಕಣ್ಣು. ಅಂಥ ಹದಿನಾಲ್ಕು ಜನರ ಮೇಲೆ ನಡೆಯುತ್ತಿದ್ದ ಪ್ರಯೋಗ ಅದು. ಆ ಕಣ್ಣು ಮೊದಲಿಗಿಂತ ಹತ್ತು ಅಂಕಿ ಹೆಚ್ಚು ಓದಿದರೆ ಮಾತ್ರ ಇನ್ನೊಂದಕ್ಕೆ ಕೈ ಹಾಕಬೇಕೆಂಬುದು ನಿಯಮ. ಅಜ್ಜನ ಎಡಗಣ್ಣು ಮಂದವಾಗಿದ್ದರೂ ಹೆಂಡತಿಯ ಮುಖವನ್ನು ಇನ್ನೂ ಗುರುತಿಸುತ್ತಿತ್ತು. ಬಲಗಣ್ಣಿನಲ್ಲಿ ಅವರು ಹದಿನಾರು ಅಂಕಿ ಹೆಚ್ಚು ಓದಿದ್ದರು. ಎಡಗಣ್ಣಿನ ಆಪರೇಷನ್ ನಾಳೆ ಎಂದು ನಿಶ್ಚಯವಾಗಿತ್ತು.

ಈ ದಿನ ಬೆಳಿಗ್ಗೆ ಪಕ್ಕದ ಕೋಣೆಯವರು ದಿನಾ ಬಳಸುವ ಬೋರ್ಡನ್ನು ಕೇಳಿ ಒಯ್ದಿದ್ದರು. ಅವಳು ಗೊಣಗಿಕೊಂಡೇ ಇನ್ನೊಂದನ್ನು ಸಿಕ್ಕಿಸಿದಳು.

ಎಡಗಣ್ಣು ಮುಚ್ಚಿಕೊಂಡ ಅಜ್ಜ ನೆಟ್ಟಗೆ ಕೂತು ಸರಾಗವಾಗಿ ಓದುತ್ತ ಹೋದರು. "ಐದನೇ ಸಾಲು. ಎಂಟು, ಮೂರು, ಆರು, ಎರಡು, ಒಂಬತ್ತು."

ಎದುರಿಗಿದ್ದ ಬೋರ್ಡಿನಲ್ಲಿ ಅಂಥ ಸಾಲೇ ಇರಲಿಲ್ಲ. ಆ ಅಂಕಿಗಳು ಯಾವ ಬೋರ್ಡಿನವು ಎಂದು ಅವಳು ಹುಡುಕಬೇಕಾಗಿರಲಿಲ್ಲ. ಅವಳಿಗೂ ಅವು ಬಾಯಿಪಾಠವಾಗಿದ್ದವು.

"ಇನ್ನೊಂದು ಸಲ ಓದಿ, ಅಜ್ಜ."

ಅದೇ ಅಂಕಿಗಳು, ಅದೇ ರಾಗ.

"ಕೇಳಿದ್ಯಾ ಮಗಳೇ, ನೀರು ಕುಡಿದಷ್ಟು ಸಲೀಸು," ಎಂದರು ಮೂಲೆಯಲ್ಲಿ ಕೂತಿದ್ದ ಅಜ್ಜಿ. "ಮನೇಲಿ ಮಾತ್ರ ಬಾಗಿಲು ಅಂತ ಬೀರು ತೆಗೀತಾರೆ."

"ಅಜ್ಜ, ಅಂಕಿ ಕಾಣಿಸ್ತಿದ್ಯಾ, ನೆನಪಿದ್ಯಾ?"

"ಎರಡಕ್ಕೂ ಏನಮ್ಮ ವ್ಯತ್ಯಾಸ? ಐವತ್ತು ವರ್ಷ ಅಳತೆ ಚೀಟಿ ಇಲ್ದೆ ಬಟ್ಟೆ ಹೊಲ್ದೋನು ನಾನು. ಗಾಜು ಬದಲಾಯಿಸ್ತಾ ಎಡಗಣ್ಣಲ್ಲಿ ಓದಿಸ್ತಿದ್ಯಲ್ಲ, ಬರ್ತಾ ಬರ್ತಾ ತಲೇಲಿ ಕೂತ್ಬಿಡ್ತು. ಐದನೇ ಸಾಲು ನಮ್ಮ ಮದುವೆ ಬ್ಯಾಂಡಿನವನ ಕೋಟಿನ ಅಳತೆ ಅಂತ ಇಟ್ಕೊಂಡಿದೀನಿ. ಹೇಳಿದಾಗೆಲ್ಲ ನೀನೂ ಶಭಾಷ್ ಅಂತಿದ್ದೆ."

ಅವಳು ಪೆನ್ನು ಕೆಳಗಿಟ್ಟಳು. ಅಜ್ಜನ ದನಿ ಇಳಿಯಿತು.

"ತಪ್ಪಾಯ್ತಾ? ನೀನು ಬೈಸ್ಕೋಬೇಡ. ಮುದುಕ ಮೋಸ ಮಾಡ್ದ ಅಂತ ಹೇಳ್ಬಿಡು. ಈ ವಯಸ್ಸಲ್ಲಿ ನನ್ನ ಮರ್ಯಾದೆ ಏನು ಹೋಗುತ್ತೆ?"

"ಇದ್ರೆ ತಾನೇ ಹೋಗೋಕೆ," ಎಂದರು ಅಜ್ಜಿ.

ಡಾಕ್ಟರಮ್ಮನ ಕೋಣೆ ಕಾರಿಡಾರಿನ ಆ ತುದಿಗಿತ್ತು. ಹೇಳಬೇಕಾದ ಮಾತನ್ನು ನಡೆಯುತ್ತಲೇ ಜೋಡಿಸಿಕೊಂಡಳು.

"ಮೇಡಂ, ನಾಳೆ ಆಪರೇಷನ್ ಬೇಡ. ದರ್ಜಿ ಅಜ್ಜ ಅಂಕಿಗಳನ್ನ ಬಾಯಿಪಾಠ ಮಾಡ್ಕೊಂಡಿದಾರೆ. ಬಲಗಣ್ಣು ಸುಧಾರಿಸಿಲ್ಲ."

ಡಾಕ್ಟರಮ್ಮ ಕುರ್ಚಿಗೆ ಒರಗಿದರು. "ನೋಡು ಮುದುಕನ ಕಿಲಾಡಿತನ. ಪುಣ್ಯಕ್ಕೆ ನೀನು ಕಂಡುಹಿಡಿದೆ. ಆ ಎಡಗಣ್ಣೂ ಹೋಗಿದ್ರೆ ಏನು ಗತಿ? ಅವರನ್ನ ಕೈಬಿಡೋಣ. ಉಳಿದ ಹದಿಮೂರು ಜನರದ್ದು ಚೆನ್ನಾಗಿದೆಯಲ್ಲ, ಅವರ ಎರಡನೇ ಕಣ್ಣಿಗೆ ದಿನ ಗೊತ್ತುಮಾಡೋಣ."

"ಸರಿ ಮೇಡಂ," ಎಂದು ಹೊರಗೆ ಬಂದಳು.

ಅಜ್ಜನ ಎಡಗಣ್ಣು ಉಳಿಯಿತು. ತಾನೂ ಉಳಿದೆ ಅಂದುಕೊಂಡಳು. ಕಾರಿಡಾರಿನಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನಡಿಗೆ ನಿಧಾನವಾಯಿತು. ಎದುರಾದ ನರ್ಸ್ ಊಟಕ್ಕೆ ಕರೆದಳು. ಇವಳು ಏನೋ ಉತ್ತರ ಕೊಟ್ಟಳು. ಹದಿಮೂರು ಜನರ ಮುಖ ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಶಭಾಷ್ ಅಂದಿದ್ದಳು.

ತಿರುಗಿ ಹೋಗಿ ಬಾಗಿಲಲ್ಲೇ ನಿಂತಳು.

"ಆ ಹದಿಮೂರು ಜನರದ್ದೂ ಅದೇ ಬೋರ್ಡು, ಮೇಡಂ. ನಾನು ಬದಲಾಯಿಸ್ತಿರ್ಲಿಲ್ಲ."

"ಎಷ್ಟು ದಿನದಿಂದ?"

"ಮೊದಲಿಂದ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಮುಂದಿದ್ದ ಹಾಳೆಗಳನ್ನು ಒಟ್ಟುಮಾಡಿ, ಮಗುಚಿಟ್ಟು, "ಎಲ್ಲರನ್ನೂ ವಾಪಸ್ ಕರೆಸು. ಪರೀಕ್ಷೆ ಬೇರೆಯವರು ಮಾಡ್ತಾರೆ. ಅಜ್ಜನಿಗೆ ನೀನೇ ಹೇಳು," ಎಂದರು.

ಬೆಂಚಿನ ಮೇಲೆ ಗಂಡ ಹೆಂಡತಿ ಕಾಯುತ್ತಿದ್ದರು. ಆಪರೇಷನ್ ನಿಂತಿದೆ, ಬಲಗಣ್ಣಿಗೆ ಗುಣ ಕಂಡಿಲ್ಲ, ಎಂದು ಅವಳು ಬಿಡಿಸಿ ಹೇಳಿದಳು. ಅಜ್ಜಿ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು.

"ಆಗಲಿ ಬಿಡು," ಎಂದರು ಅಜ್ಜ. "ನಂದೇ ತಪ್ಪು ಅಂತ ಹೇಳಿದ್ಯಲ್ಲ?"

"ಮೊದಲು ಹಾಗೇ ಹೇಳಿದೆ, ಅಜ್ಜ."

ಅಜ್ಜ ಮುಖವನ್ನು ಸ್ವಲ್ಪ ಓರೆ ಮಾಡಿ, ಅಂಚಿನಲ್ಲಿ ಉಳಿದಿದ್ದ ನೋಟದಿಂದ ಅವಳನ್ನು ನೋಡಿದರು. ಅವಳು ಕದಲದೆ ನಿಂತಳು.