ಮಹಾರಾಜರು ಕೂರದ ಕಿಟಕಿ

ಬೋಗಿಯಿಂದ ಶುರು ಮಾಡಲೋ, ಅದರೊಳಗೆ ಕಟ್ಟಿರುವ ಹಗ್ಗದಿಂದಲೋ? ಬೋಗಿಯ ಡ್ರಾಫ್ಟನ್ನು ಹರಿದುಹಾಕಿದೆ. ಟೂರಿಸಂ ಬ್ರೋಷರ್ ಥರ ಇತ್ತು. ಹಗ್ಗ ಅಂದರೆ ನೀವು ಕೊಲೆ ಅಂದುಕೊಳ್ಳುತ್ತೀರಿ. ರೇಣುಕಪ್ರಸಾದ್ ಮೇಷ್ಟ್ರಿಂದಲೇ ಶುರುವಾಗಲಿ.

೧. ಮೇಷ್ಟ್ರು ಅಜ್ಜಂಪುರದಲ್ಲಿ ಇತಿಹಾಸ ಪಾಠ ಹೇಳಿ ರಿಟೈರ್ ಆದವರು. ಹಳಿಗಳೆಲ್ಲ ಬ್ರಾಡ್‌ಗೇಜ್ ಆದಮೇಲೆ ತುಕ್ಕು ಹಿಡಿಯುತ್ತಿದ್ದ ಹಳೇ ಪ್ಯಾಸೆಂಜರ್ ಬೋಗಿಯೊಂದಕ್ಕೆ ಊರಿನ ಪಾರ್ಕ್ ಸಮಿತಿಯವರು ಬಣ್ಣ ಬಳಿದು ಪಾರ್ಕಿನಲ್ಲಿಟ್ಟರು. ಬೋರ್ಡಿಗೆ ಅದರ ಚರಿತ್ರೆ ಬರೆಯುವ ಕೆಲಸ ಮೇಷ್ಟ್ರಿಗೆ ಬಂತು. ಕಾಯಿಮೂಟೆ, ಕಾಲೇಜು ಹುಡುಗರು ಓಡಾಡಿದ ಡಬ್ಬ ನೋಡೋಕೆ ಯಾರು ಬತ್ತಾರೆ ಎಂದು ಸಮಿತಿಯ ಅಧ್ಯಕ್ಷ ಓಂಕಾರಮೂರ್ತಿ ಗೊಣಗಿದ. ಮೇಷ್ಟ್ರು ಒಂದು ಸಾಲು ಸೇರಿಸಿದರು: ಈ ಕಿಟಕಿಯ ಪಕ್ಕ ಮಹಾರಾಜರು ಕೂತಿದ್ದರು.

(ಇಲ್ಲಿ ಮೇಷ್ಟ್ರು ನನ್ನ ಮೇಲೆ ರೇಗುತ್ತಾರೆ. ತಾವು ಬರೆದದ್ದು ‘ಕೂತಿದ್ದರಂತೆ’; ಜಾಗ ಸಾಲದೆ ‘ಅಂತೆ’ ನುಂಗಿದವನು ಪೇಂಟರ್. ಸರಿ, ತಿದ್ದಿಕೊಂಡೆ.)

೨. ಆ ಕಿಟಕಿಯ ಪಕ್ಕ ನಿಜವಾಗಿ ಕೂರುತ್ತಿದ್ದವರು ರಂಗನಾಯಕಿ. ಬೀರೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ದಿನಾ ಇದೇ ಬೋಗಿ. ಬಾಗಿಲ ಬಳಿ ನಿಂತು ಕಳ್ಳನೋಟ ಬೀರುತ್ತಿದ್ದ ಯುವಕನಿಗೆ ಒಂದು ದಿನ ಅವರೇ ಸರಿದು ಜಾಗ ಕೊಟ್ಟರು. ಆ ಯುವಕನೇ ಮೇಷ್ಟ್ರು. ರಂಗನಾಯಕಿ ಈಗ ಅವರ ಹೆಂಡತಿ.

ಉದ್ಘಾಟನೆಯ ದಿನ ಆಕೆ ನೇರವಾಗಿ ಕಿಟಕಿಗೆ ಹೋದರು. ಹಗ್ಗ ಅಡ್ಡವಿತ್ತು. ಮಹಾರಾಜರ ಜಾಗದಲ್ಲಿ ಕೂರಂಗಿಲ್ಲ ಎಂದ ಕಾವಲುಗಾರ ಕಾಂತರಾಜ್. ಮೇಷ್ಟ್ರು ಫ್ಯಾನು ನೋಡುತ್ತ ನಿಂತರು. ಆಕೆ ಇಳಿದು ಬೋರ್ಡು ಓದಿದರು.

“ನನ್ನ ಎಬ್ಬಿಸಿ ಅವರನ್ನ ಕೂರಿಸಿದ್ರಾ?” ಎಂದರು. ಅಲ್ಲಿಂದಾಚೆ ಗಂಡನ ಜೊತೆ ಮಾತು ಬಿಟ್ಟರು.

೪. (ಮೂರನ್ನು ಕೈಬಿಟ್ಟೆ. ಅದರಲ್ಲಿ ಮೇಷ್ಟ್ರು ಎಲ್ಲರೆದುರು ಹಗ್ಗ ಕಿತ್ತೆಸೆಯುತ್ತಿದ್ದರು. ಅವರು ಅಂಥವರಲ್ಲ ಎಂದು ರಂಗನಾಯಕಿಯೇ ಹೊಡೆದುಹಾಕಿಸಿದರು.) ನಡೆದದ್ದಿಷ್ಟು: ಆ ಸಾಲು ಅಳಿಸಿ ಎಂದು ಮೇಷ್ಟ್ರು ಓಂಕಾರಮೂರ್ತಿಯನ್ನು ಬೇಡಿಕೊಂಡರು. ಆಗಲ್ಲ ಎಂದ ಅವನು; ಬೋರ್ಡು ಓದಿ, ಅವತ್ತು ಮಹಾರಾಜರಿಗೆ ಕೊಡೆ ಹಿಡಿದದ್ದು ನಮ್ಮ ತಾತ ಎಂದು ಬುಕ್ಕಾಂಬುಧಿಯಿಂದ ಒಬ್ಬರು ಆಗಲೇ ಬಂದು ಹೇಳಿಹೋಗಿದ್ದರಂತೆ. ಮೇಷ್ಟ್ರು ಕಾಂತರಾಜನಿಗೂ ನಿಜ ಹೇಳಿ ನೋಡಿದರು.

“ಸೀಟಿಗೋಸ್ಕರ ಎಲ್ರೂ ಏನೋ ಒಂದು ಹೇಳ್ತಾರೆ ಬಿಡಿ ಸಾ,” ಎಂದ ಅವನು.

೫. ಮೊನ್ನೆ ಭಾನುವಾರ ಮೇಷ್ಟ್ರು ಹಗ್ಗದಡಿ ನುಸುಳಿ ಹೋಗಿ ಕೂತೇಬಿಟ್ಟರು. ಕಾಂತರಾಜ್ ಸೀಟಿ ಊದಿದ, ಜನ ಮೊಬೈಲ್ ಹಿಡಿದರು. ಮೇಷ್ಟ್ರು ಏಳಲಿಲ್ಲ. ಕಿಟಕಿಯಿಂದ ಕೈ ಚಾಚಿ, ಜೊತೆಗೆ ಬಂದರೂ ಹೊರಗೇ ನಿಂತಿದ್ದ ಹೆಂಡತಿಯನ್ನು ಕರೆದರು.

ಆಕೆ ಒಳಗೆ ಹೋದರು ಅಂತ ಬರೆದೆ. ಹೊಡೆದುಹಾಕಿ, ಮನೆಗೆ ಹೋದರು ಅಂತ ಬರೆದೆ. ಅಷ್ಟರಲ್ಲಿ ರಂಗನಾಯಕಿ ನನ್ನ ಕಡೆ ತಿರುಗಿದರು.

“ಪೆನ್ನು ಕೆಳಗಿಡಿ. ನನ್ನ ವಿಷಯ ಇನ್ನೊಬ್ರು ಬರೆದಿದ್ದು ಸಾಕಾಗಿದೆ. ನಾನಿನ್ನೂ ಯೋಚನೆ ಮಾಡ್ತಿದೀನಿ.”