ಹನ್ನೊಂದು ನಿಮಿಷದ ವಿಮರ್ಶೆ

ಇಂಡಿ ಪಟ್ಟಣದ ವೃಂದಾ ದಿನವೂ ಬಸ್ಸು ಹಿಡಿದು ಸಿಂದಗಿಗೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಆದರೆ ಸುತ್ತಲಿನ ಹುಡುಗ ಹುಡುಗಿಯರು ಅವಳನ್ನು ಗುರುತಿಸುತ್ತಿದ್ದುದು ಗಣಿತದಿಂದಲ್ಲ, ವಿಡಿಯೋ ಗೇಮುಗಳಿಂದ. ಮೂರು ವರ್ಷದಿಂದ ಯೂಟ್ಯೂಬಿನಲ್ಲಿ ಅವಳದೊಂದು ಚಾನೆಲ್ ಇತ್ತು. ಪ್ರತಿ ಭಾನುವಾರ ಒಂದು ಆಟ ಎತ್ತಿಕೊಂಡು ಅದರಲ್ಲಿ ಒಳ್ಳೆಯದೇನು, ಕೆಟ್ಟದ್ದೇನು ಎಂದು ಮನೆಯ ಮಾತಿನಲ್ಲೇ ಬಿಡಿಸಿ ಹೇಳುತ್ತಿದ್ದಳು.

ಹೇಳುವುದರಲ್ಲಿ ಹುರುಳಿರುತ್ತಿತ್ತು. ಲಾರಿ ಓಡಿಸುವ ಆಟವೊಂದರ ಬಗ್ಗೆ, "ಘಾಟಿನ ತಿರುವಿನೊಳಗ ಸ್ಟೇರಿಂಗ್ ಭಾರ ಆಗೂದು ಕೈಗೆ ಗೊತ್ತಾಗ್ತದ, ಅದು ಛಲೋ. ಆದ್ರ ಲೋಡ್ ಇದ್ರೂ ಇಲ್ಲದಿದ್ರೂ ಬ್ರೇಕ್ ಒಂದೇ ನಮೂನಿ ಹಿಡೀತದ, ಅದು ಸುಳ್ಳು" ಎಂದಿದ್ದಳು. ನಿಜವಾದ ಲಾರಿ ಓಡಿಸುವವರು ಕೆಳಗೆ ಬಂದು ಹೌದ್ರಿ ಹೌದು ಎಂದು ಬರೆದಿದ್ದರು. ಕ್ರಿಕೆಟ್ ಆಟವೊಂದರಲ್ಲಿ ಚೆಂಡು ತಿರುಗುವ ಚೆಂದವನ್ನು ಹೊಗಳಿ, ಕಾಲಡಿ ಚೆಂಡು ಹೋದರೂ ಬಗ್ಗದ ಫೀಲ್ಡರನನ್ನು ಬೈದಿದ್ದಳು. ಪ್ರತಿ ವಿಡಿಯೋದ ಮೊದಲ ಮಾತು ಒಂದೇ: "ಎರಡು ತಾಸು ಆಡದ ನಾ ಯಾವ ಆಟದ ಬಗ್ಗೆನೂ ಬಾಯಿ ತಗ್ಯೂದಿಲ್ಲ." ಜನ ಅವಳನ್ನು ನಂಬಿದ್ದು ಈ ಮಾತಿಗೇ.

ಆ ವಾರ ಅವಳ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳ ಗುಡ್ಡವೇ ಬಿದ್ದಿತ್ತು. ಶುಕ್ರವಾರ ಬಂದರೂ ಯಾವ ಆಟವನ್ನೂ ಮುಟ್ಟಿರಲಿಲ್ಲ. ನಮ್ಮ ಜಿಲ್ಲೆಯವರೇ ಮಾಡಿದ್ದು, ನೋಡಿ ಹೇಳ್ರಿ ಎಂದು ಯಾರೋ ಒಂದು ಆಟ ಕಳಿಸಿದ್ದರು. ಹೆಸರು 'ಬಾವಿಗೆ ದಾರಿ'. ಬೆಳಗಿನ ಬಸ್ಸು ಸಿಂದಗಿಯ ಹತ್ತಿರ ಬಂದಾಗ ಒಂಟಿ ಕಾಲಲ್ಲಿ ನಿಂತುಕೊಂಡೇ ಅದನ್ನು ತೆರೆದಳು. ಇಯರ್‌ಫೋನು ಮನೆಯಲ್ಲೇ ಉಳಿದಿತ್ತು. ಮಂದಿಯ ನಡುವೆ ಸದ್ದು ಬೇಡವೆಂದು ಫೋನಿನ ಸೌಂಡು ಬಂದ್ ಮಾಡಿದಳು. ತೆರೆಯ ಮೇಲೆ ಬರೀ ಕತ್ತಲು, ಅದರೊಳಗೊಂದು ಬಿಳಿ ಚುಕ್ಕೆ. ಬೆರಳಿಟ್ಟರೆ ಚುಕ್ಕೆ ತುಸು ಸರಿಯುತ್ತಿತ್ತು, ಎಲ್ಲಿಗೋ ಹೋಗಿ ತಟ್ಟಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತಿತ್ತು. ಸಿಂದಗಿ ಬಂತು. ಅವಳು ಆಡಿದ್ದು ಹನ್ನೊಂದು ನಿಮಿಷ.

ಶನಿವಾರ ಕ್ಯಾಮೆರಾದ ಮುಂದೆ ಕೂತು, ಎರಡು ತಾಸಿನ ಆ ಮಾತನ್ನು ಎಂದಿನಂತೆ ಹೇಳಿಯೇ ಶುರುಮಾಡಿದಳು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. "ಇದು ಆಟ ಅಲ್ರಿ, ಕರೆಂಟ್ ಹೋದ ಮನಿ. ಆ ಚುಕ್ಕಿ ನಡಿಗಿ ನೋಡ್ರಿ, ಇರುವಿ ಎಣಿಸ್ಕೋತ ಹೊಂಟಂಗದ. ಇದನ್ನ ಮಾಡಿದವ್ರು ಕಣ್ಣ ಮುಚ್ಚಿಕೊಂಡ ಮಾಡ್ಯಾರಂತ ಕಾಣಸ್ತದ" ಎಂದು ನಕ್ಕಳು. ಹತ್ತಕ್ಕೆ ಅರ್ಧ ಅಂಕ ಕೊಟ್ಟಳು.

ಅವಳ ವಿಡಿಯೋಗಳನ್ನು ಮೂರು ಸಾವಿರ ಜನ ನೋಡಿದರೆ ಹೆಚ್ಚು. ಇದನ್ನು ನಾಲ್ಕೇ ದಿನದಲ್ಲಿ ನಲವತ್ತು ಸಾವಿರ ಜನ ನೋಡಿದರು. ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಕಲಿಸುವ ಶ್ರೀವಲ್ಲಭ, "ವೃಂದಾ, ಇರುವಿ ಎಷ್ಟಾದವು?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ವೃಂದಾ ಕೂಡ ಹಿಗ್ಗಿದಳು.

ಬುಧವಾರ ಮಧ್ಯಾಹ್ನ ಅವಳ ಫೋನಿಗೊಂದು ಸಂದೇಶ ಬಂತು. "ಮೇಡಂ, ನಾನು ಗುರುನಾಥ, ಗೊಳಸಂಗಿಯವ. ಮುದ್ದೇಬಿಹಾಳದಾಗ ಕಂಪ್ಯೂಟರ್ ಕಲಸ್ತೇನಿ. ಆ ಆಟ ಮಾಡಿದಾಂವ ನಾನ. ಸಿಟ್ಟೇನಿಲ್ರಿ. ಒಂದ ಮಾತ ಕೇಳೂದಿತ್ತು. ಆಡುವಾಗ ಸೌಂಡ್ ಇಟ್ಟಿದ್ರೇನು?"

ವೃಂದಾ ಆಟದ ಪುಟ ತೆರೆದು ಓದಿದಳು. ಅಂದು ಬಸ್ಸಿನಲ್ಲಿ ಅವಳು ನೋಡದೆ ದಾಟಿ ಹೋಗಿದ್ದ ಎರಡನೆಯ ಸಾಲು ಅಲ್ಲೇ ಇತ್ತು: 'ಇದು ಕಣ್ಣು ಕಾಣದವರೂ ಆಡಬಹುದಾದ, ಕಿವಿಯಿಂದಲೇ ಆಡುವ ಆಟ. ಇಯರ್‌ಫೋನ್ ಹಾಕಿಕೊಳ್ಳಿ.'

ಉತ್ತರ ಬರೆಯಲು ಎರಡು ಸಲ ಶುರುಮಾಡಿ ಅಳಿಸಿದಳು.

ಸಂಜೆ ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಒಂದು ಹೆಂಗಸಿನ ದನಿ, "ಕೊಡ ತಗೋ, ಹೊರಗ ಬಾ" ಎಂದಿತು. ಎಡಗಿವಿಯಲ್ಲಿ ಹಿಟ್ಟಿನ ಗಿರಣಿಯ ಪಟ್ಟಾ ಬಡಿಯುತ್ತಿತ್ತು. ಮುಂದೆ ಎಲ್ಲೋ ಎಮ್ಮೆಯ ಕೊರಳ ಗಂಟೆ. ಓಣಿ ಇಕ್ಕಟ್ಟಾದಲ್ಲಿ ತನ್ನ ಹೆಜ್ಜೆಯ ಸದ್ದು ಗೋಡೆಗೆ ಬಡಿದು ಹತ್ತಿರದಿಂದ ಕೇಳುತ್ತಿತ್ತು, ಬಯಲಾದಲ್ಲಿ ತೆಳುವಾಗುತ್ತಿತ್ತು. ಆ ವ್ಯತ್ಯಾಸ ಹಿಡಿದೇ ತಿರುಗಬೇಕು. ಅವಳು ಎರಡು ಸಲ ಗಟಾರಕ್ಕೆ ಬಿದ್ದಳು. ಮೂರನೆಯ ಸಲ ದೂರದಲ್ಲಿ ಬಾವಿಯ ರಾಟೆ ಕಿರುಗುಟ್ಟುವುದು ಕೇಳಿದಾಗ ನಿಜವಾಗಿಯೂ ಎಲ್ಲಿಗೋ ಬಂದು ಮುಟ್ಟಿದಂತಾಯಿತು. ಮೂರು ವರ್ಷದಲ್ಲಿ ಯಾವ ಆಟವೂ ಅವಳಿಗೆ ಒಂದು ಊರನ್ನು ಹೀಗೆ ಕೊಟ್ಟಿರಲಿಲ್ಲ.

ತಾಯಿ ಇಂದೂಬಾಯಿ ಬಾಗಿಲು ತಳ್ಳಿ, "ಯಾಕ ಅಳ್ಲಿಕ್ಕತ್ತೀ?" ಎಂದರು.

"ಇಲ್ಲ ಆಯಿ, ಆಟ ಆಡ್ಲಿಕ್ಕತ್ತೀನಿ."

ಆಟ ಮುಗಿದ ಮೇಲೆ ಅವಳು ಮಾಡಿದ್ದು ಇನ್ನೂ ನಾಚಿಕೆಗೇಡಿನ ಕೆಲಸ. ವಿಡಿಯೋವನ್ನು ಸದ್ದಿಲ್ಲದೆ ತೆಗೆದುಹಾಕಿದಳು. ಗುರುನಾಥನಿಗೆ ಒಂದಕ್ಷರವೂ ಬರೆಯಲಿಲ್ಲ. ತೆಗೆದೆನಲ್ಲ, ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಅವನೇ ಫೋನು ಮಾಡಿದ. "ವಿಡಿಯೋ ಯಾಕ ತಗದ್ರಿ ಮೇಡಂ? ನಮ್ಮಕ್ಕ ಅದನ್ನ ಮೂರ ಸಲ ಕೇಳ್ಯಾಳ. ಅಕಿಗೆ ಕಣ್ಣ ಕಾಣೂದಿಲ್ಲ. ಆಟದಾಗಿನ ಸಪ್ಪಳ ಎಲ್ಲಾ ಅಕಿನ ಆರಿಸಿದ್ದು. ನಿಮ್ಮನ್ನ ಏನೋ ಕೇಳೂದೈತಂತ."

ಮೂರು ಸಲ ಕೇಳಿದ್ದಾಳೆ. ಆ ನಗುವನ್ನೂ ಮೂರು ಸಲ. ವೃಂದಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. "ನಾನ ಬರ್ತೀನ್ರಿ" ಎಂದಳು.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಸಿಂದಗಿಯಿಂದ ಬಸವನ ಬಾಗೇವಾಡಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೊಳಸಂಗಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಳು. ತನಗಿದ್ದ ಕೆಲಸದ ಒತ್ತಡ ಹೇಳಬೇಕೆಂದುಕೊಂಡಳು. ಅದು ನೆಪವೆಂದು ಅವಳಿಗೇ ಗೊತ್ತಾಗಿ ಬಿಟ್ಟಳು.

ಗುರುನಾಥ ನಿಲ್ದಾಣಕ್ಕೆ ಬಂದಿದ್ದ. ಮನೆಯ ಪಡಸಾಲೆಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳೇ ಅಕ್ಕ, ದಾನೇಶ್ವರಿ. ಇಪ್ಪತ್ತರ ಹರೆಯದಲ್ಲಿ ಜ್ವರ ಬಂದು ಕಣ್ಣು ಹೋಗಿದ್ದವು. ವೃಂದಾ ಚಪ್ಪಲಿ ಬಿಡುವ ಸದ್ದಿಗೇ ಅವಳು ಮುಖ ಎತ್ತಿದಳು.

"ಬರ್ರಿ, ಕುಂಡ್ರಿ. ಸೌಂಡ್ ಇಲ್ದ ಆಡಿದ್ರಂದ್ರ ಮಂದ್ಯಾಗ ಆಡಿರಬೇಕು, ಬಸ್ಸಿನ್ಯಾಗೇನು?"

"ಹೌದ್ರಿ. ಸೌಂಡ್ ಬಂದ್ ಇಟ್ಟಿದ್ದೆ. ಎರಡು ತಾಸು ಆಡೀನಿ ಅಂದದ್ದು ಸುಳ್ಳು. ಹನ್ನೊಂದ ನಿಮಿಷ ಆಡಿದ್ದೆ."

ದಾನೇಶ್ವರಿಯ ಕೈ ಸೊಪ್ಪಿನ ಮೇಲೆ ನಿಂತಿತು. "ಇರುವಿ ಎಣಿಸ್ಕೋತ ಹೊಂಟಂಗ ಅಂದ್ರೆಲ್ಲ, ಆ ನಡಿಗಿ ನಂದ್ರಿ. ನಾ ಬಾವಿಗೆ ಹೋಗುವಾಗ ತಮ್ಮ ಗಡಿಯಾರ ಹಿಡದ ಹಿಂದ ಬರ್ತಿದ್ದ. ನೂರಾ ಎಂಬತ್ತ ಹೆಜ್ಜಿಗೆ ಆರ ನಿಮಿಷ. ಅದಕ್ಕಿಂತ ಲಗೂನ ನಡದ್ರ ನಾ ಬೀಳ್ತೇನಿ."

ಬೈದಿದ್ದರೆ ವೃಂದಾ ತಡೆದುಕೊಳ್ಳುತ್ತಿದ್ದಳು. ಇದನ್ನು ದಾನೇಶ್ವರಿ ಜೋಳದ ಧಾರಣೆ ಹೇಳುವಷ್ಟು ಸರಳವಾಗಿ ಹೇಳಿದಳು. ವೃಂದಾಳ ಮುಖ ಬಿಸಿಯಾಯಿತು. ಎದುರಿನವಳಿಗೆ ಅದು ಕಾಣುವುದಿಲ್ಲ ಎಂಬ ಸಮಾಧಾನ ಒಂದು ಕ್ಷಣ ಬಂತು, ಬಂದದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

"ತಪ್ಪಾತ್ರೀ ಅಕ್ಕಾರ."

"ಅದು ಇರ್ಲಿ. ಮತ್ತ ಆಡಿದ್ರೇನು? ಆಟ ಹೆಂಗೈತಿ? ಅದನ್ನ ಕೇಳಾಕ ಕರಿಸೇನಿ."

"ಭಾಳ ಛಲೋ ಅದರಿ."

"ಕೆಟ್ಟ ಹೇಳಾಕ ಎಂಟ ನಿಮಿಷ ಮಾತಾಡಿದ್ರಿ. ಛಲೋದ್ದು ಒಂದ ಮಾತಿನ್ಯಾಗ ಮುಗೀತೇನು?" ದಾನೇಶ್ವರಿಯ ದನಿ ಮೊದಲ ಸಲ ಗಡುಸಾಯಿತು. "ನನಗ ಕಣ್ಣಿಲ್ಲಂತ ಛಲೋ ಅನಬ್ಯಾಡ್ರಿ. ಇದ್ದದ್ದ ಹೇಳ್ರಿ."

ವೃಂದಾ ಉಸಿರೆಳೆದುಕೊಂಡು ಹೇಳಿದಳು. ಗೋಡೆಯ ಮಾರ್ದನಿಯಿಂದ ಓಣಿ ತಿಳಿಯುವುದು ತಾನು ಯಾವ ದೊಡ್ಡ ಆಟದಲ್ಲೂ ಕಂಡಿಲ್ಲ. ಎಮ್ಮೆಯ ಗಂಟೆ ದಾರಿ ತೋರುತ್ತದೆ, ಆದರೆ ಎಮ್ಮೆ ನಡೆದುಬಿಟ್ಟರೆ ದಾರಿ ತಪ್ಪಿಸುತ್ತದೆ, ಆ ಮೋಸ ಚೆಂದ. ಆದರೆ ಮೂರನೆಯ ಹಂತದಲ್ಲಿ ಕಾಲುವೆ ದಂಡೆಯ ಪಂಪಿನ ಮೋಟಾರು ಉಳಿದೆಲ್ಲ ಸದ್ದನ್ನು ನುಂಗುತ್ತದೆ, ಆಡುವವರು ಅಂದಾಜಿನ ಮೇಲೆ ಹೋಗಬೇಕಾಗುತ್ತದೆ. ಒಮ್ಮೆ ಬಿದ್ದರೆ ಮನೆಯಿಂದಲೇ ಮತ್ತೆ ಶುರುಮಾಡಬೇಕಾದದ್ದು ಬೇಸರ.

"ಕೇಳಿದಿ?" ದಾನೇಶ್ವರಿ ತಮ್ಮನ ಕಡೆ ತಿರುಗಿದಳು. "ಮೋಟಾರ ಸಣ್ಣದ ಮಾಡಂತ ನಾ ಬಡಕೊಂಡೆ."

ಗುರುನಾಥ ಕತ್ತು ತುರಿಸಿಕೊಂಡ. ಅವನ ಹೆಂಡತಿ ಸಾಕ್ಷಿ ಚಹಾ ತಂದಿಟ್ಟು ಬಾಯಿಗೆ ಸೆರಗು ಹಿಡಿದು ನಕ್ಕಳು.

ಹೊರಡುವಾಗ ದಾನೇಶ್ವರಿ, "ಆ ವಿಡಿಯೋ ಮತ್ತ ಹಚ್ಚ್ರಿ" ಎಂದಳು.

"ಅದನ್ನ? ಬ್ಯಾಡ್ರಿ ಅಕ್ಕಾರ."

"ತಗದ್ರ ಅಂದದ್ದು ಅಳಸೂದಿಲ್ಲ. ನಕ್ಕವ್ರು ನಕ್ಕಾರ. ಅದರ ಬಾಜೂಕ ಇನ್ನೊಂದ ಹಚ್ಚ್ರಿ, ಎರಡೂ ಇರ್ಲಿ."

ವೃಂದಾ ಹಾಗೆಯೇ ಮಾಡಿದಳು. ಹಳೆಯದನ್ನು ಮರಳಿ ಹಾಕಿ, ಭಾನುವಾರ ಹೊಸದರಲ್ಲಿ ಬಸ್ಸು, ಬಂದ್ ಆಗಿದ್ದ ಸೌಂಡು, ಹೇಳಿದ ಸುಳ್ಳು, ಗೊಳಸಂಗಿಯ ಮಾತು, ಆಟದ ಗುಣ ದೋಷ ಎಲ್ಲವನ್ನೂ ಹೇಳಿದಳು. ಕೆಳಗೆ ಒಬ್ಬರು ಕೇಳಿದರು: ಹಂಗಾರ ಎರಡು ತಾಸು ಆಡದೆ ಬೈದ ಆಟಗಳು ಇನ್ನೆಷ್ಟು? ಅವಳು ಒಂದು ದಿನವೆಲ್ಲ ಯೋಚಿಸಿದಳು. ಇನ್ನೆರಡು ಇದ್ದವು. ಅವುಗಳ ಹೆಸರನ್ನೂ ಬರೆದಳು.

ಹೊಸ ವಿಡಿಯೋ ನೋಡಿದವರು ಒಂಬೈನೂರು ಮಂದಿ. ಹಳೆಯದನ್ನು ನೋಡುವವರು ದಿನವೂ ಹೆಚ್ಚುತ್ತಲೇ ಇದ್ದರು. ಎಷ್ಟೋ ಜನ ಚಾನೆಲ್ ಬಿಟ್ಟು ಹೋದರು. ಶ್ರೀವಲ್ಲಭ ಸ್ಟಾಫ್ ರೂಮಿನಲ್ಲಿ ಅವಳನ್ನು ಕಂಡರೆ ಸುಮ್ಮನಾಗುತ್ತಿದ್ದ, ಅದು ಅವನ ಚೇಷ್ಟೆಗಿಂತ ಹೆಚ್ಚು ಚುಚ್ಚುತ್ತಿತ್ತು.

ತಿಂಗಳು ಕಳೆದ ಮೇಲೆ ದಾನೇಶ್ವರಿಯ ಫೋನು ಬಂತು. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ. ಮೋಟಾರಿನ ಸದ್ದು ಇಳಿಸಿದ್ದೇವೆ, ಈಗ ಒಂದು ಕಾಲೇಜಿನ ಆಟ ಮಾಡುತ್ತಿದ್ದೇವೆ ಎಂದಳು. "ನನ್ನ ಕಾಲೇಜು ಅರ್ಧಕ್ಕ ನಿಂತಿತ್ರಿ. ನಿಮ್ಮಲ್ಲಿ ಗಂಟಿ ಹೊಡ್ಯೂ ಸಪ್ಪಳ ಕಳಸ್ತೀರೇನು?"

ಮರುದಿನ ಬೆಳಿಗ್ಗೆ ವೃಂದಾ ಫೋನು ಹಿಡಿದು ಕಾಲೇಜಿನ ಗಂಟೆಯ ಕೆಳಗೆ ನಿಂತಳು. ಜವಾನ ಮಾನಪ್ಪ ಸುತ್ತಿಗೆ ಎತ್ತಿದವನು ಹಾಗೇ ನಿಂತ. "ಏನ್ರಿ ಮೇಡಮ್ಮಾರ, ಗಂಟಿ ಫೋಟೋ ತಗೀತೀರೇನು?"

"ಫೋಟೋ ಅಲ್ಲ ಮಾನಪ್ಪ, ಸಪ್ಪಳ" ಎಂದಳು. ಯಾಕೆ ಎಂದು ಅವನು ಕೇಳಿರಲಿಲ್ಲ. ಆದರೂ ತಾನು ನಕ್ಕದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಕ್ಲಾಸಿಗೆ ಹೊರಟಿದ್ದ ಹುಡುಗಿಯರು ಒಬ್ಬೊಬ್ಬರಾಗಿ ನಿಂತು ಕೇಳಿಸಿಕೊಂಡರು. ಅವರನ್ನು ಕಂಡೂ ಅವಳು ನಿಲ್ಲಿಸಲಿಲ್ಲ.

ಮಾನಪ್ಪ ಎಲ್ಲ ಕೇಳಿ, "ಹಂಗಾರ ಜೋರ ಹೊಡೀಲೇನ್ರಿ?" ಎಂದ.

"ಬ್ಯಾಡ. ದಿನಾ ಹೊಡದಂಗ ಹೊಡಿ."